ಟ್ರಿಪ್ ಆಗದ ಬ್ರೇಕರ್

ಮಹಡಿ ಕೋಣೆಯ ಬಾಗಿಲು ಒಡೆದಾಗ ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ. ಹೊಲಿಗೆಯವಳು ಮೇಜಿನ ಪಕ್ಕ ಚಾಪೆಯ ಮೇಲಿದ್ದಳು. ಮಧ್ಯಾಹ್ನ ಉಂಡು ಮಲಗಿದವಳು ಮತ್ತೆ ಏಳಲೇ ಇಲ್ಲ.

ಇನ್ಸ್‌ಪೆಕ್ಟರಮ್ಮ ಗೋಡೆ ನೋಡಿದರು. ಕೆಳಗಿನ ಮೇನ್ ಬೋರ್ಡಿನಿಂದ ಮಹಡಿಯ ಚಿಕ್ಕ ಬೋರ್ಡಿಗೆ ಬರುವ ವೈರು ಉದ್ದಕ್ಕೂ ಕರಕಲಾಗಿತ್ತು. ಇಂಥ ಮನೆಗಳನ್ನು ನೋಡಿ ನೋಡಿ ಅವರ ಮನಸ್ಸು ಮರಗಟ್ಟಿತ್ತು. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

“ಎಲ್ಲಾ ಆ ವೈರ್‌ಮನ್ ಕೆಲಸ ಮೇಡಂ,” ಎಂದ ಸತ್ತವಳ ಅಣ್ಣ. ಬಡಗಿ; ಕೆಳಗಿನ ಮನೆ, ಹಿತ್ತಲಿನ ಷೆಡ್ಡು ಅವನದು. “ತೆಳ್ಳಗಿನ ವೈರ್ ಎಳೆದು ಅರವತ್ಮೂರು ಆಂಪಿನ ಬ್ರೇಕರ್ ಹಾಕಿದಾನೆ. ನಾನಂತೂ ಬೋರ್ಡಿಗೆ ಕೈನೇ ಹಾಕಲ್ಲ.”

ಅಷ್ಟರಲ್ಲಿ ವೈರ್‌ಮನ್ ಲಾಕಪ್ಪು ಸೇರಿದ್ದ.

*

“ಆರು ಸ್ಕ್ವೇರ್ ದಪ್ಪದ ವೈರಿಗೆ ಅರವತ್ಮೂರಾ? ನನಗೇನು ತಲೆ ಕೆಟ್ಟಿತ್ತಾ ಮೇಡಂ? ಮೂವತ್ತೆರಡು ಹಾಕಿದ್ದೆ. ಲೋಡ್ ಜಾಸ್ತಿಯಾದ್ರೆ ವೈರ್ ಸುಡೋಕೆ ಮುಂಚೆ ಅದು ಬಿದ್ದು ಕರೆಂಟ್ ಕಟ್ಟಾಗ್ಬೇಕು. ದೊಡ್ಡದು ಬೇಕಂದ್ರೆ ಗೋಡೆ ಒಡೆದು ಹದಿನಾರು ಸ್ಕ್ವೇರ್ ವೈರ್ ಎಳೀಬೇಕು. ಅವರಣ್ಣಂಗೂ ಹೇಳಿದ್ದೆ.”

“ನಂಬೋದು ಹೇಗೆ?”

“ನಾನು ಹಾಕಿದ್ದರ ಪಕ್ಕೆಗೆ ಕೆಂಪು ಪೇಂಟಲ್ಲಿ ‘ಮಹಡಿ’ ಅಂತ ಬರೆದಿದೀನಿ.”

ಕೇಸು ಗಟ್ಟಿಯಾದರೆ ಅವನಿಗೆ ಜೈಲು, ಹೊಟ್ಟೆಪಾಡಿಗೂ ಕಲ್ಲು. ಆದರೆ ಮೇನ್ ಬೋರ್ಡಿನಲ್ಲಿದ್ದ ಬ್ರೇಕರಿನ ಮೇಲೆ ಯಾವ ಗುರುತೂ ಇರಲಿಲ್ಲ. ಇವನೂ ಕಥೆ ಕಟ್ಟುತ್ತಿರಬಹುದು ಎನ್ನಿಸಿತು.

*

ಬಡಗಿಯ ಹೆಂಡತಿ ಅಡುಗೆಮನೆಯಲ್ಲಿ ಒಲೆ ಹಚ್ಚದೆ ಕೂತಿದ್ದಳು.

“ಮಹಡಿ ಬ್ರೇಕರ್ ಆಗಾಗ ಬೀಳ್ತಿತ್ತಾ?”

“ಮೊದಲು ದಿನಾ ಬೀಳೋದು. ನಾದಿನಿ ಮೆಟ್ಟಿಲಿಂದ ಕೂಗೋಳು, ಇವರು ಹೋಗಿ ಎತ್ತೋರು. ಈಚೆಗೆ ಆ ಕಾಟ ಇರ್ಲಿಲ್ಲ.”

“ಕೆಲಸ ಕಮ್ಮಿಯಾಗಿತ್ತಾ?”

“ಎಲ್ಲಿ ಬಂತು? ಸ್ಟೀಮ್ ಇಸ್ತ್ರಿ ಬೇರೆ ತಂದಿದ್ಲು. ಉಸಿರಾಡೋಕೆ ಪುರುಸೊತ್ತಿರ್ಲಿಲ್ಲ.”

ಇನ್ಸ್‌ಪೆಕ್ಟರಮ್ಮ ಸೀದಾ ಹಿತ್ತಲಿಗೆ ನಡೆದರು. ಷೆಡ್ಡಿನ ನೆಲದಲ್ಲಿ, ಮಾರಿಹೋದ ದೊಡ್ಡ ಗರಗಸದ ಮೆಷಿನ್ನಿನ ಬೋಲ್ಟುಗಳು ಇನ್ನೂ ಎದ್ದು ನಿಂತಿದ್ದವು. ಷೆಡ್ಡಿನ ಬೋರ್ಡು ಬಿಚ್ಚಿಸಿದರು. ಒಳಗಿದ್ದದ್ದು ಮೂವತ್ತೆರಡರ ಬ್ರೇಕರ್. ಪಕ್ಕೆಯಲ್ಲಿ ಕೆಂಪು ಅಕ್ಷರ: ಮಹಡಿ.

*

“ಲೋಡ್ ಜಾಸ್ತಿಯಾಯ್ತು, ಬ್ರೇಕರ್ ಬೀಳೋದು ನಿಂತ್ಹೋಯ್ತು,” ಎಂದರು ಇನ್ಸ್‌ಪೆಕ್ಟರಮ್ಮ ಬಡಗಿಗೆ. “ಅದು ತಾನಾಗೇ ಆಗಲ್ಲ. ಯಾರೋ ಬದಲಾಯಿಸಿರಬೇಕು. ಒಳ್ಳೇ ಬ್ರೇಕರನ್ನ ಯಾರೂ ಬಿಸಾಕಲ್ಲ, ಅದಕ್ಕೇ ಹುಡುಕಿದೆ. ಗರಗಸದ ಮೆಷಿನ್ ಮಾರಿದ ಮೇಲೆ ಅದಕ್ಕೆ ಹಾಕಿದ್ದ ಅರವತ್ಮೂರು ಸುಮ್ನೆ ಕೂತಿತ್ತು. ಅದನ್ನ ಮಹಡಿಗೆ ಹಾಕಿದ್ರಿ, ಮಹಡೀದು ಷೆಡ್ಡಿಗೆ ತಂದ್ರಿ. ವೈರ್ ಮಾತ್ರ ಹಳೇದೇ. ಬೇಡ ಅಂತ ಹೇಳಿದೋನ ತಲೆ ಮೇಲೇ ಗೂಬೆ ಕೂರಿಸಿದ್ರಿ.”

ಸ್ಟೇಷನ್ನಿಗೆ ಫೋನ್ ಮಾಡಿ ವೈರ್‌ಮನ್ನನ್ನು ಬಿಡಲು ಹೇಳಿದರು.

ಬಡಗಿ ನೆಲ ನೋಡುತ್ತ ಕೂತ. ಅವನಿಗೂ ಅಳು ಬರಲಿಲ್ಲ.

“ಹೊತ್ತಿಲ್ಲ ಗೊತ್ತಿಲ್ಲ, ಕೂಗ್ತಾನೇ ಇರೋಳು ಮೇಡಂ. ಅಣ್ಣಾ, ಹೋಯ್ತು ನೋಡೋ ಅಂತ. ಎದ್ದೆದ್ದು ಹೋಗಿ ಸಾಕಾಗಿತ್ತು. ಗೋಡೆ ಒಡೆಸೋ ರಾಮಾಯಣ ಯಾರಿಗೆ ಬೇಕು ಅಂತ ಹಾಕ್ಬಿಟ್ಟೆ.”

ಕೈಗೆ ಅಂಟಿದ್ದ ಮರದ ಪುಡಿಯನ್ನು ಉಜ್ಜಿಕೊಂಡ.

“ಆಮೇಲೆ ಒಂದ್ಸಲಾನೂ ಕೂಗ್ಲಿಲ್ಲ.”