ಬರುವಾಗ ಹದಿನೈದು ನಿಮಿಷ ಹೆಚ್ಚು

ಲೋಕದ ಘನವಾದ ವಿವಾದಗಳ ಸಾಲಿನಲ್ಲಿ ಈ ಹದಿನೈದು ನಿಮಿಷದ ಪ್ರಶ್ನೆಗೆ ಇನ್ನೂ ಜಾಗ ಸಿಕ್ಕಿಲ್ಲ. ಸಿಗಬೇಕಿತ್ತು.

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಆರುನೂರ ಹನ್ನೆರಡು ಕಿಲೋಮೀಟರು. ಹೋಗಲು ಒಂದು ಗಂಟೆ ಹತ್ತು ನಿಮಿಷ, ಬರಲೂ ಅಷ್ಟೇ. ವೇಳಾಪಟ್ಟಿ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಅವಳು ಹಾಗೆಂದು ಬರೆದಿದ್ದಳು. ಆ ಹಾಳೆ ಹಿಡಿದು ಒಬ್ಬ ಪೈಲಟ್ ಅವಳ ಮೇಜಿನೆದುರು ಬಂದು ನಿಂತ.

"ಇದನ್ನ ಬರೆದ ಮಹಾನುಭಾವರು ಯಾರು?"

"ನಾನೇ. ಏನೀಗ?"

"ಬರುವಾಗ ಎದುರುಗಾಳಿ ಇರುತ್ತೆ ಮೇಡಂ. ಹದಿನೈದು ನಿಮಿಷ ಜಾಸ್ತಿ ಬೇಕು. ದಿನಾ ತಡ ಅಂತ ಬೈಸಿಕೊಳ್ಳೋನು ನಾನು!"

"ಯಾಕೆ, ಬರುವಾಗ ದಾರಿ ಉದ್ದ ಆಗುತ್ತಾ?"

ಅವನು ನಕ್ಕುಬಿಟ್ಟ.

ಅವಳಿಗೆ ಮೈಯೆಲ್ಲ ಉರಿಯಿತು. ನಗು ಚೆನ್ನಾಗಿತ್ತು ಎಂಬುದಕ್ಕೆ ಇನ್ನಷ್ಟು ಉರಿಯಿತು.

ಅಂದಿನಿಂದ ಪ್ರತಿ ಮಂಗಳವಾರ, ತನ್ನ ರಜೆಯ ದಿನ, ಅವನು ಗಾಳಿಯ ಪುರಾವೆ ಹೊತ್ತು ಬರತೊಡಗಿದ. ಉಳಿದ ದಿನ ಸಾಧ್ಯವಿರಲಿಲ್ಲ. ಅವಳು ಕಚೇರಿಗೆ ಬರುವ ಮೊದಲೇ ಅವನು ಹಾರಿರುತ್ತಿದ್ದ, ಅವಳು ಮನೆ ಸೇರಿದ ಮೇಲೆ ಇಳಿಯುತ್ತಿದ್ದ.

"ರಜೆ ದಿನಾನೂ ಆಫೀಸಿಗೆ ಬರೋ ಗಂಡಸನ್ನ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ಕಣೇ," ಎಂದಳು ಪಕ್ಕದ ಮೇಜಿನ ಅಕ್ಕ, ಕನ್ನಡಕದ ಮೇಲಿಂದ ಇಣುಕಿ.

"ಗಾಳಿ ವಿಷಯ ಅಕ್ಕ."

"ಹೌದೌದು. ಜೋರಾಗೇ ಬೀಸ್ತಿದೆ."

ಪಟ್ಟಿ ತಪ್ಪೆಂದು ಅವಳಿಗೆ ಎರಡನೆಯ ವಾರವೇ ಗೊತ್ತಾಗಿತ್ತು. ತಿದ್ದಲಿಲ್ಲ. ತಿದ್ದಿದರೆ ಮಂಗಳವಾರಕ್ಕೆ ಕಾರಣವೇನು ಉಳಿಯುತ್ತದೆ?

ಐದನೆಯ ತಿಂಗಳು ಅವಳ ಮೇಜಿಗೆ ಅವನ ವರ್ಗಾವಣೆಯ ಹಾಳೆ ಬಂತು. ಇನ್ನು ಅವನ ಹಾರಾಟ ಶುರುವಾಗುವುದು ಆ ಕಡೆಯ ನಿಲ್ದಾಣದಿಂದ, ವಾಸವೂ ಆ ಊರಿನಲ್ಲೇ. ಕಾರಣದ ಜಾಗದಲ್ಲಿ ಎರಡೇ ಪದ: ಸ್ವಂತ ಕೋರಿಕೆ.

ಸ್ವಂತ ಕೋರಿಕೆ! ಆರುನೂರ ಹನ್ನೆರಡು ಕಿಲೋಮೀಟರು ಆಚೆ ಹೋಗಲು ತಾನಾಗಿ ಕೇಳಿಕೊಂಡನೇ? ನಾನು ಅಷ್ಟು ಸಾಕಾಗಿಹೋದೆನೇ...?

ಕಣ್ಣೊರೆಸಿಕೊಂಡು ಅವಳು ಪಟ್ಟಿ ತಿದ್ದಿದಳು.

ಮಂಗಳವಾರ ಅವನು ಬಂದಾಗ ತಲೆ ಎತ್ತಲಿಲ್ಲ. "ಹದಿನೈದು ನಿಮಿಷ ಸೇರಿಸಿದ್ದೀನಿ. ನೀವೇ ಗೆದ್ರಿ. ಇನ್ನು ಬರೋ ತೊಂದರೆ ಬೇಡ."

ಅವನ ಮುಖ ಬಿಳಚಿಕೊಂಡಿತು. "ತಿದ್ದಿಬಿಟ್ರಾ? ಯಾಕೆ?"

"ಯಾಕಾ? ದೂರ ಹೋಗ್ತೀನಿ ಅಂತ ಬರೆದುಕೊಟ್ಟವರು ನೀವು!"

"ಅಯ್ಯೋ ಲೆಕ್ಕದಮ್ಮಾ... ನಿಮ್ಮ ಪಟ್ಟೀಲಿ ದೂರದ ಕಾಲಂ ಮಾತ್ರ ನೋಡಿದ್ರಾ? ಪಕ್ಕದ ಸಮಯದ್ದು ಓದಿ."

ಓದಿದಳು. ಅವಳೇ ಬರೆದದ್ದು. ಆ ಕಡೆಯಿಂದ ಎಂಟೂ ಇಪ್ಪತ್ತಕ್ಕೆ ಹೊರಡುವ ವಿಮಾನ ಒಂಬತ್ತೂ ನಲವತ್ತೈದಕ್ಕೆ ಇಲ್ಲಿ ಇಳಿದು, ಮಧ್ಯಾಹ್ನ ಎರಡೂವರೆಯವರೆಗೆ ಸುಮ್ಮನೆ ನಿಂತಿರುತ್ತದೆ. ಅದನ್ನು ತಂದವನೂ.

"ಇದೇ ಊರಲ್ಲಿದ್ರೆ ವಾರಕ್ಕೊಂದು ಮಂಗಳವಾರ," ಎಂದ ಅವನು ಮೆಲ್ಲಗೆ. "ಅಲ್ಲಿದ್ರೆ ವಾರಕ್ಕೆ ಐದು ದಿನ, ನಿಮ್ಮ ಆಫೀಸ್ ಹೊತ್ತಲ್ಲೇ, ಐದೈದು ಗಂಟೆ. ನನಗೆ ನೀವಿಲ್ಲದ ದಿನ ಆಗ್ತಿಲ್ಲ ಕಣ್ರೀ... ಅದಕ್ಕೇ ಕೇಳಿಕೊಂಡೆ."

"ನಾಲ್ಕು ಮುಕ್ಕಾಲು," ಎಂದಳು ಅವಳು.

"ಏನು?"

"ಐದಲ್ಲ, ನಾಲ್ಕು ಮುಕ್ಕಾಲು ಗಂಟೆ. ಮತ್ತೆ... ಮಂಗಳವಾರ?"

"ಟಿಕೆಟ್ ತಗೊಂಡು ಬರ್ತೀನಿ. ಎದುರುಗಾಳಿ ಇದ್ರೆ ಸ್ವಲ್ಪ ಕಾಯ್ತೀರಾ?"

"ಹದಿನೈದು ನಿಮಿಷ. ಬರೆದಿದ್ದೀನಲ್ಲ!"

ಪಕ್ಕದ ಮೇಜಿನ ಅಕ್ಕ ಕನ್ನಡಕ ತೆಗೆದು, ಒರೆಸುವ ನೆಪದಲ್ಲಿ ಕಣ್ಣನ್ನೇ ಒರೆಸಿಕೊಂಡಳು.

ಮುಂದಿನ ವರ್ಷ ಮದುವೆಯಾಯಿತು. ವರ ಎಂಟು ನಿಮಿಷ ತಡವಾಗಿ ಬಂದ. ಹದಿನೈದರಲ್ಲಿ ಇನ್ನೂ ಏಳು ಉಳಿದಿತ್ತು.