ಹೊಸ ಕೊಂಬಿನ ಮೊದಲ ಉಸಿರು

“ವದ್ದು ನಾಯನಾ, ಬೇಡ. ಅಳತೆ ಮಾತ್ರ ತಗೋಬೇಡ,” ಎಂದು ವೆಂಕಟರಮಣಪ್ಪ ಮೂರನೆಯ ಸಲ ಹೇಳುವ ಹೊತ್ತಿಗೆ ಮುರಳಿಮೋಹನ್ ಕೊಂಬಿನ ಬಾಯಿಗೆ ಟೇಪು ಹಿಡಿದಾಗಿತ್ತು.

ಆವನಿಯಿಂದ ಒಳಕ್ಕೆ ಹೋದರೆ ಸಿಗುವ ಪುಟ್ಟ ಹಳ್ಳಿ. ವೆಂಕಟರಮಣಪ್ಪನ ಮನೆಯ ನಡುಮನೆಯಲ್ಲಿ ತಟ್ಟೆಗಳ ತುಂಬ ರೇಷ್ಮೆಹುಳು ಸರಸರನೆ ಸೊಪ್ಪು ಮೇಯುತ್ತಿದ್ದವು. ಅದರ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕಿಲುಬಿನ ಹುಳಿವಾಸನೆ. ಅಲ್ಲಿ ತೊಲೆಗೆ ತಲೆಕೆಳಗಾಗಿ ನೇತುಹಾಕಿದ್ದ ಹಿತ್ತಾಳೆ ಕೊಂಬಿನ ಬಾಯಿಗೆ ಬಟ್ಟೆ ತುರುಕಿ ಮೇಣ ಮೆತ್ತಿದ್ದರು. ಕೊಂಬೂದುವ ಮನೆತನದಲ್ಲಿ ಉಳಿದಿದ್ದವನು ಈ ಮುದುಕನೊಬ್ಬನೇ.

“ನಮ್ಮ ಮುತ್ತಾತ ಒಬ್ಬ ಮಾಟಗಾರನ ಕೈಲಿ ಇದರ ಅಳತೆ ಹಾಕಿಸ್ಕೊಂಡ. ಹತ್ತು ಊರಿಗೆ ಕೇಳೋ ದನಿ ಬೇಕಿತ್ತು ಅವನಿಗೆ. ದನಿ ಬಂತು. ಆದ್ರೆ ಹೊಸ ಕೊಂಬಿಗೆ ಮೊದಲ ಉಸಿರು ಸಾಯೋನದೇ ಆಗ್ಬೇಕು. ಯಾರಾದ್ರೂ ಕೊನೇ ಗಳಿಗೇಲಿದ್ರೆ ಅವರ ಬಾಯಿಗೆ ಹಿಡೀತಿದ್ವಿ. ಬದುಕೋನು ಊದಿದ್ರೆ ಅವನನ್ನೇ ಎಳ್ಕೊಳ್ಳುತ್ತೆ. ಶಾಪ ಹಿತ್ತಾಳೇಲಿಲ್ಲಪ್ಪ, ಅಳತೇಲಿದೆ.”

ಮುರಳಿಮೋಹನ್ ನಕ್ಕ. ಮೈಸೂರಿನಿಂದ ಮಾಲೂರಿಗೆ ಬಂದು ತಗಡು ಒತ್ತುವ ಶೆಡ್ ಹಾಕಿ ನಾಲ್ಕು ವರ್ಷವಾಗಿತ್ತು. ಯಂತ್ರ ಬಲ್ಲವನು, ಅಷ್ಟಕ್ಕೇ ಎಲ್ಲವನ್ನೂ ಬಲ್ಲೆ ಎಂದುಕೊಂಡವನು. ಅವನ ಆಸೆ ಮಾತ್ರ ಕೆಟ್ಟದ್ದಲ್ಲ, ಅದನ್ನು ಒಪ್ಪಲೇಬೇಕು. ಎರಕದ ಕೊಂಬು ಈಗ ಯಾರೂ ಮಾಡುವುದಿಲ್ಲ, ಮಾಡಿದರೂ ಬಡ ವಾದ್ಯದವರು ಕೊಳ್ಳಲಾರರು. ತೆಳು ತಗಡಿನದು, ಪ್ಲಾಸ್ಟಿಕ್ ಬಾಯಿಯದು, ಮೊಬೈಲಿಗಿಂತ ಅಗ್ಗದ್ದು ಮಾಡಿಕೊಟ್ಟರೆ ಸತ್ತ ವಾದ್ಯ ಮತ್ತೆ ಕೂಗುತ್ತದೆ ಎಂಬುದು ಅವನ ಲೆಕ್ಕ. ಕೆಟ್ಟದ್ದೆಂದರೆ ಅವನ ಬಾಯಿ.

“ಸರಿ ಅಜ್ಜ, ಮೊದಲ ಉಸಿರು ನಮ್ಮ ಕಂಪ್ರೆಸರಿಂದೇ ಕೊಡಿಸ್ತೀನಿ. ಅದೂ ಸಾಯೋ ಹಾಗೇ ಇದೆ,” ಎಂದ.

ಮುದುಕ ಒಣಗಿದ ಕೈಯಿಂದ ಮೇಣವನ್ನು ಮತ್ತೆ ಒತ್ತಿ ಮುಚ್ಚಿದ.

ಆ ಅಳತೆಗೆ ಮಾಡಿದ ಒಂದೇ ಅಚ್ಚಿನಿಂದ ಹತ್ತು ಕೊಂಬು ಎದ್ದವು. ಆಡಿದ ಮಾತಿನಂತೆ ಮುರಳಿಮೋಹನ್ ಹತ್ತಕ್ಕೂ ಕಂಪ್ರೆಸರ್ ಪೈಪು ತುರುಕಿ ಸೋರಿಕೆ ನೋಡಿದ. ಗಾಳಿ ಬುಸ್ಸೆಂದು ಹೋಯಿತು, ಅಷ್ಟೆ. ಮರುದಿನ ಮಧ್ಯಾಹ್ನ ಶ್ರೀನಿವಾಸಪುರದ ಮುನಿಕೃಷ್ಣನ ವಾದ್ಯದ ತಂಡ ಬಂದು ಮೊದಲ ಸಲ ಊದಿ ನೋಡುವುದೆಂದು ಮಾತಾಗಿತ್ತು. ಈ ಸೀಮೆಗೆ ಬಂದಾಗ ಬಾಡಿಗೆ ಮನೆ ಹುಡುಕಿಕೊಟ್ಟವನು, ಜ್ವರ ಬಂದಾಗ ಗಂಜಿ ಹೊತ್ತು ತಂದವನು ಈ ಮುನಿಕೃಷ್ಣ.

ಆ ಸಂಜೆ ಕಾಲೇಜು ಮುಗಿಸಿ ಶೆಡ್ಡಿಗೆ ಬಂದ ಮಗಳು ಮೇಘನ ರಾಶಿಯಿಂದ ಒಂದು ಕೊಂಬು ಎತ್ತಿಕೊಂಡು, ವಿಡಿಯೋಗೆ ಫೋನು ನೆಟ್ಟಗೆ ನಿಲ್ಲಿಸಿ, ಕೆನ್ನೆಯುಬ್ಬಿಸಿ ಊದಿದಳು. ದನಿ ಬರಲಿಲ್ಲ.

“ಅಪ್ಪಾ, ನಿನ್ ಕೊಂಬು ಮೂಗಿ ಕಣೋ!” ಎಂದು ನಕ್ಕು ಅದನ್ನು ಮತ್ತೆ ರಾಶಿಗೆ ಎಸೆದಳು.

ಬೆಳಗ್ಗೆ ಅವಳು ಏಳಲಿಲ್ಲ. ಕಣ್ಣು ಅರೆ ತೆರೆದಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಮೂಗಿನ ಬಳಿ ಹಿಡಿದ ಕನ್ನಡಿ ಮಸುಕಾಗಲಿಲ್ಲ. ತಾಯಿ ಪವಿತ್ರ ಕೈಯಿಟ್ಟು ನೋಡಿದಳು. ಗಾಳಿಯೇ ಇಲ್ಲ. ಆಸ್ಪತ್ರೆಯಲ್ಲಿ ಮುಖಕ್ಕೆ ಆಮ್ಲಜನಕ ಕಟ್ಟಿದರು. ಡಾಕ್ಟರು ಯಂತ್ರ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಯಂತ್ರ ನೋಡಿದರು. ಅವಳ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಮುರಳಿಮೋಹನನಿಗೆ ಮುದುಕನ ಮಾತು ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಅವನಿಗೆ ಬಂದದ್ದು ಬರೀ ಭಯ. ಕಾರು ಹತ್ತಿ ಆವನಿಯತ್ತ ಓಡಿಸಿದ.

ವೆಂಕಟರಮಣಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಹೊತ್ತು ಮುಳುಗೋವರೆಗೂ ಇರ್ತಾಳೆ,” ಎಂದ. “ಅವಳು ಊದಿದ ಕೊಂಬನ್ನೇ ಇನ್ನೊಬ್ಬರು ಊದ್ಬೇಕು. ಆಗ ದನಿ ಬರುತ್ತೆ. ಅವಳ ಉಸಿರು ಅವಳಿಗೆ ಹೋಗುತ್ತೆ, ಊದಿದೋರ ಉಸಿರು ಒಳಗೆ ಹೋಗುತ್ತೆ. ಅವರಿಗೂ ನಾಳೆ ಹೊತ್ತು ಮುಳುಗೋವರೆಗೇ.”

“ನಾನೇ ಊದ್ತೀನಿ.”

“ಯಾವುದನ್ನ?”

ಮುರಳಿಮೋಹನನ ಕಣ್ಣಮುಂದೆ ಶೆಡ್ಡಿನ ಮೂಲೆಯ ರಾಶಿ ಬಂತು.

“ತಪ್ಪು ಕೊಂಬು ಊದಿದ್ರೆ ದನಿ ಬರಲ್ಲ. ನೀನೂ ಹೋಗ್ತೀಯ, ಮಗೂನೂ ಉಳಿಯಲ್ಲ. ನಮ್ಮ ಕೈಯೆರಕ ಒಂದಿದ್ದ ಹಾಗೆ ಇನ್ನೊಂದು ಇರ್ತಿರಲಿಲ್ಲಪ್ಪ. ನಿನ್ನವು?”

ಮಾಲೂರಿಗೆ ವಾಪಸು ಬಂದಾಗ ಎರಡು ಗಂಟೆ. ಶೆಡ್ಡಿನ ಬಾಗಿಲು ತೆರೆದರೆ ಕಾದ ತಗಡಿನ ವಾಸನೆ, ಯಂತ್ರದೆಣ್ಣೆಯ ವಾಸನೆ. ಮೂಲೆಯ ರಾಶಿಯಿಂದ ಸಣ್ಣ ಸದ್ದು. ಯಾರೋ ಮಲಗಿ ಉಸಿರಾಡುವ ಸದ್ದು. ಎಳೆಯುವುದು, ತುಸು ತಡೆಯುವುದು, ಬಿಡುವುದು. ಹಸುಗೂಸಾಗಿದ್ದಾಗಿನಿಂದ ಮೇಘನ ನಿದ್ದೆಯಲ್ಲಿ ಹಾಗೇ ತಡೆದು ತಡೆದು ಉಸಿರಾಡುತ್ತಿದ್ದಳು. ಅವನು ಮಂಡಿಯೂರಿ ಒಂದೊಂದನ್ನೇ ಎತ್ತಿ ಕಿವಿಗಿಟ್ಟ. ಎತ್ತಿದೊಡನೆ ಮೌನ. ಕೆಳಗಿಟ್ಟರೆ ಮತ್ತೆ ರಾಶಿಯೆಲ್ಲ ಉಸಿರಾಡುತ್ತಿತ್ತು. ಅವಳ ವಿಡಿಯೋ ಹಾಕಿ ನೋಡಿದ. ನಗುವ ಮುಖ, ಹೊಳೆಯುವ ಕೊಂಬು. ಗೀರಿಲ್ಲ, ಗುರುತಿಲ್ಲ. ಹತ್ತೂ ಒಂದೇ. ಒಂದನ್ನು ತುಟಿಯ ತನಕ ತಂದ. ಬಾಯಿಯ ತೂತಿನಿಂದ ತಣ್ಣಗಿನ ಗಾಳಿ ಅವನ ನಾಲಗೆಯನ್ನು ಒಳಕ್ಕೆ ಎಳೆಯಿತು. ಬೆವೆತು ಕೆಳಗಿಟ್ಟ.

ಸಾಯಲು ಅವನು ಸಿದ್ಧನಿದ್ದ. ಅದು ಸುಳ್ಳಲ್ಲ. ಸುಮ್ಮನೆ ಸಾಯಲು ಸಿದ್ಧನಿರಲಿಲ್ಲ.

ಹೊರಗೆ ಟೆಂಪೋ ನಿಂತಿತು. ಮುನಿಕೃಷ್ಣನ ದೊಡ್ಡ ನಗು ಕೇಳಿಸಿತು. ಹಿಂದೆಯೇ ಕಾಂತರಾಜ್, ನರಸಿಂಹಪ್ಪ, ಇನ್ನುಳಿದವರು. ಒಟ್ಟು ಹತ್ತು ಮಂದಿ, ಕೆಂಪು ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ.

ಮುರಳಿಮೋಹನ್ ಎದ್ದುನಿಂತ. ಮುಖ ಒರೆಸಿಕೊಂಡ. ಹತ್ತು ಕೊಂಬನ್ನು ಹತ್ತು ಕೈಗೆ ಕೊಟ್ಟ.

“ಸಾರ್, ಇದನ್ನ ಮೊದ್ಲು ಸಾಯೋರು ಊದ್ಬೇಕು ಅಂತಾರೆ ನಮ್ ಕಡೆ,” ಎಂದ ನರಸಿಂಹಪ್ಪ, ಕೊಂಬನ್ನು ಮೈಯಿಂದ ದೂರ ಹಿಡಿದು. “ಏನೂ ಆಗಲ್ವಾ?”

“ಈ ಕಾಲದಲ್ಲೂ ಅದನ್ನೆಲ್ಲ ನಂಬ್ತೀರಾ?” ಎಂದ ಮುರಳಿಮೋಹನ್. ದನಿ ನಡುಗಲಿಲ್ಲ. “ಒಬ್ಬೊಬ್ಬರೇ ಊದಿ.”

ಮೊದಲಿಗೆ ಕಾಂತರಾಜ್ ಊದಿದ. ದನಿಯಿಲ್ಲ. ನರಸಿಂಹಪ್ಪ ಕಣ್ಣು ಮುಚ್ಚಿ ಊದಿದ. ಇಲ್ಲ. ಮೂರನೆಯವನು. ಇಲ್ಲ. ನಾಲ್ಕನೆಯವನು ಕೆಮ್ಮಿದ. ಮತ್ತೆ ಊದಿದ. ಇಲ್ಲ. ತಗಡಿನ ಸೂರಿನ ಕೆಳಗೆ ಸೆಕೆ. ಬಿಸಿಲು ಬಾಗಿಲಿನಿಂದ ಹಿಂದೆ ಸರಿಯುತ್ತಿತ್ತು. ಐದನೆಯವನು. ಇಲ್ಲ.

“ಬಿಡ್ರೋ, ನಿಮಗೆಲ್ಲ ಅನ್ನ ದಂಡ,” ಎಂದು ಮುನಿಕೃಷ್ಣ ತನ್ನ ಕೊಂಬೆತ್ತಿ ಎದೆ ತುಂಬ ಗಾಳಿ ಎಳೆದುಕೊಂಡ. ಊದುವ ಮುನ್ನ ಮುರಳಿಮೋಹನನ ಕಡೆ ಕಣ್ಣು ಹೊಡೆದ. ಊದಿದ.

ಕೊಂಬು ಕೂಗಿತು. ಸೂರಿನ ತಗಡು ಅದುರಿತು. ರಸ್ತೆಯ ನಾಯಿಗಳು ಊಳಿಟ್ಟವು. ದನಿ ನಿಂತ ಮೇಲೂ ಕಿವಿಯೊಳಗೆ ಇತ್ತು.

ಫೋನು ಬಡಿದುಕೊಂಡಿತು. ಪವಿತ್ರ ಅಳುತ್ತ ನಗುತ್ತಿದ್ದಳು. “ರೀ, ಕಣ್ಣು ಬಿಟ್ಟಳು! ನೀರು ಕೇಳಿದಳು ರೀ!”

ಮುರಳಿಮೋಹನ್ ಗೋಡೆಗೆ ಒರಗಿ ಅತ್ತುಬಿಟ್ಟ. ಎಲ್ಲರೂ ಮುನಿಕೃಷ್ಣನ ಬೆನ್ನು ತಟ್ಟುತ್ತಿದ್ದರು. ಅವನು ಎದೆ ನೀವಿಕೊಂಡು, “ಯಾಕೋ ಉಸಿರು ಹಿಡ್ದಂಗಾಯ್ತು ಕಣೋ,” ಎಂದು ನಕ್ಕ.

ಉಳಿದ ನಾಲ್ವರು ಹುಮ್ಮಸ್ಸಿನಿಂದ ಕೊಂಬು ಎತ್ತಿದರು.

ಮುರಳಿಮೋಹನನ ಕೈ ತಾನಾಗಿ ಮೇಲೆದ್ದಿತು. ಬೇಡ ಎಂಬ ಮಾತು ಗಂಟಲಿಗೆ ಬಂತು. ನಾಲ್ವರೂ ಅವನನ್ನೇ ನೋಡಿದರು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆಂದು ಹೇಳಿದರೆ, ಊದಿಯಾದ ಆ ಆರು ಜನ ಈ ಕಡೆ ತಿರುಗುತ್ತಾರೆ. ಆಗ ಮುನಿಕೃಷ್ಣ ಅವನ ಮುಖ ನೋಡುತ್ತಾನೆ.

“ಏನ್ ಸಾರ್?” ಎಂದ ಒಬ್ಬ.

“ಏನಿಲ್ಲ,” ಎಂದ ಮುರಳಿಮೋಹನ್. ಕೈ ಕೆಳಗಿಳಿಸಿದ. “ಗಟ್ಟಿಯಾಗಿ ಊದಿ.”