ಬೇಕರಿಯ ಬಳಿ ಇಳಿಯದವಳು

"ನೇರ ಮನೆಗೆ ಹೋಗ್ಬೇಡ ತಂಗೀ. ಬೇಕರಿ ಹತ್ರ ಇಳ್ಕೋ. ಒಂದು ಬನ್ನಾದ್ರೂ ತಿಂದು, ಮೈ ಕೊಡವಿ ಆಮೇಲೆ ಹೋಗು. ಸಾವಿನ ಮನೆಯಿಂದ ಬೆನ್ನಿಗೆ ಬಿದ್ದದ್ದು ಅಲ್ಲೇ ಕಳಚ್ಕೊಳ್ಳುತ್ತೆ," ಎಂದಳು ಪಾಸಿಂಗ್. ಪುರಸಭೆಯ ಕಚೇರಿಯಲ್ಲಿ ತಲೆ ನರೆಸಿಕೊಂಡ ಹೆಂಗಸು.

ಬೆನಿಲ್ದಾ ಊದಿದ ಪಾದ ಒತ್ತಿಕೊಳ್ಳುತ್ತ ನಕ್ಕಳು. "ಹಾಗಾದ್ರೆ ಬೇಕರಿಯವನ ಗತಿ ಏನು ಪಾಸಿಂಗಕ್ಕಾ? ಊರಿನ ದೆವ್ವಕ್ಕೆಲ್ಲ ಅವನೇ ಬನ್ನು ಹಂಚ್ತಾನಾ?"

ಶವದ ಜಾಗರಣೆಗೆಂದು ಇಸ್ಪೀಟು ಆಡುತ್ತಿದ್ದವರೂ ನಕ್ಕರು. ಶವಪೆಟ್ಟಿಗೆಯ ಕಡೆ ಕಣ್ಣು ಹೋದದ್ದೇ ನಗು ನಿಂತಿತು.

"ಅದಕ್ಕೆ ಮನೆ ಬೇಕು ಕಣೇ. ಬೇಕರಿ ಯಾರ ಮನೆ?" ಎಂದಳು ಪಾಸಿಂಗ್, ತಗ್ಗಿದ ದನಿಯಲ್ಲಿ.

ಪೆಟ್ಟಿಗೆಯಲ್ಲಿದ್ದವಳು ಲೋಲಾ ಉರ್ಬಾನಾ. ಊರಿಗೆಲ್ಲ ಲೋಲಾ, ಅಂದರೆ ಅಜ್ಜಿ; ಯಾರಿಗೂ ಬೇಡದ ಅಜ್ಜಿ. ಬಿದಿರಿನ ಅಂಡೆಯಲ್ಲಿ ಕರಿ ದುಂಬಿ ಸಾಕುತ್ತಿದ್ದಳು. ಆಗದವರ ಹೆಸರನ್ನು ಅಂಡೆಯೊಳಗೆ ಉಸುರಿದರೆ ಸಾಕು, ಅವರ ಹೊಟ್ಟೆಯಲ್ಲಿ ದುಂಬಿ ಹರಿದಾಡುತ್ತಿತ್ತಂತೆ. ಆ ವಿದ್ಯೆಯನ್ನು ಯಾರ ಕೈಗೂ ಒಪ್ಪಿಸದೆ ಸತ್ತಿದ್ದಳು. ಖಾಲಿ ಅಂಡೆ ಪೆಟ್ಟಿಗೆಯ ಕೆಳಗೆ ಬಾಯ್ದೆರೆದು ಬಿದ್ದಿತ್ತು. ಮುಟ್ಟುವವರಿರಲಿಲ್ಲ.

ಬೆನಿಲ್ದಾ ಈ ಊರಿಗೆ ಹೊಸಬಳು, ಪುರಸಭೆಯ ಸೂಲಗಿತ್ತಿ. ಹಿನಬ್ಲಾಯನ್‌ನಲ್ಲಿ ಯಾರು ಸತ್ತರೂ ನೌಕರರೆಲ್ಲ ಹೋಗಿ ಕೂರಬೇಕೆಂಬುದು ಮೇಯರನ ಕಟ್ಟಳೆ. ಬೆಳಗಿನಿಂದ ಎರಡು ಹೆರಿಗೆ ಮಾಡಿಸಿ ಬಂದವಳಿಗೆ ಕುಳಿತಲ್ಲೇ ಜೋಂಪು. ಗಂಡ ಹಡಗಿನ ಕೆಲಸದವನು, ಎಲ್ಲೋ ನಡುಗಡಲಲ್ಲಿ. ಮನೆಯಲ್ಲಿ ಆರು ವರ್ಷದ ಮಗಳು ಲಿರಾ, ಪಕ್ಕದ ಮನೆಯವರ ಕಣ್ಣಳತೆಯಲ್ಲಿ ದಾರಿ ಕಾಯುತ್ತಿದ್ದಳು.

ಮುಸ್ಸಂಜೆಗೆ ಬಾಡಿಗೆಯ ಟ್ರೈಸಿಕಲ್ ಹತ್ತಿದಳು. ಬೇಕರಿ ಬಂದಾಗ ಅದು ತಾನಾಗಿ ನಿಧಾನವಾಯಿತು.

"ಇಳೀತೀರಲ್ಲ ಮೇಡಂ?" ಎಂದ ಚಾಲಕ.

"ನಡಿಯಪ್ಪಾ, ಸಾಕಾಗಿದೆ. ಮಗು ಒಂದೇ ಇದೆ."

ಅವನು ಶಿಲುಬೆಯ ಗುರುತು ಹಾಕಿಕೊಂಡು ಗಾಡಿ ಬಿಟ್ಟ. ದಣಿದ ಕಾಲಿಗೆ ಯಾರ ಬುದ್ಧಿಮಾತು ರುಚಿಸೀತು?

ಕರೆಂಟು ಹೋಗಿತ್ತು. ಮನೆ ತುಂಬ ಕತ್ತಲೆ, ನಡುವೆ ಲಿರಾಳ ಒಂದು ಮೇಣದಬತ್ತಿ. ಬೆನಿಲ್ದಾ ಚಪ್ಪಲಿ ಕಳಚಿ ಒಳಗೆ ಬಂದು ಬಾಗಿಲು ಮುಚ್ಚಹೋದಳು.

"ಹಾಕ್ಬೇಡಮ್ಮಾ," ಎಂದಳು ಲಿರಾ. "ಆ ಅಜ್ಜಿ ಇನ್ನೂ ಚಪ್ಪಲಿ ಬಿಡ್ತಿದ್ದಾರೆ."

ಹೊಸ್ತಿಲಾಚೆ ಯಾರೂ ಇರಲಿಲ್ಲ. ವಾಸನೆಯೊಂದು ಮಾತ್ರ ಒಳಗೆ ನುಗ್ಗಿತು. ಕರಗಿದ ಮೇಣ, ಪೆಟ್ಟಿಗೆಯ ಹಸಿ ವಾರ್ನಿಶು, ಕೊಳೆತ ಬಿದಿರು. ಗೋಡೆಯ ತಟ್ಟಿಯೊಳಗೆ ಕರಕರ ಸದ್ದು. ಕರಕರ ನೆಲಕ್ಕಿಳಿಯಿತು. ಚಾಪೆಯ ಕೆಳಗೆ ಹರಿಯಿತು. ನಿಂತಿತು.

"ಅಮ್ಮಾ, ಹೊಟ್ಟೆ."

ಬೆನಿಲ್ದಾ ಅಂಗೈ ಇಟ್ಟು ನೋಡಿದಳು. ನೂರಾರು ಬಸುರಿಯರ ಹೊಟ್ಟೆ ಮುಟ್ಟಿದ ಕೈ. ಒಳಗೆ ಜೀವ ಹೊರಳುವುದನ್ನು ಆ ಕೈ ಬಲ್ಲದು. ಈಗಲೂ ಹೊರಳಿತು. ಒಂದಲ್ಲ. ಹಲವು. ಕಾಲುಗಳುಳ್ಳವು.

ಮಗುವನ್ನು ಎತ್ತಿಕೊಂಡಳು. ಬರಿಗಾಲಲ್ಲೇ ಓಡಿದಳು.

ಬೇಕರಿಯ ಬೆಂಚಿನ ಮೇಲೆ ಪಾಸಿಂಗ್ ಬನ್ನು ಮುರಿದು ತಿನ್ನುತ್ತಿದ್ದಳು. ಮಗುವಿನ ಹೊಟ್ಟೆ ಕಂಡು ಬನ್ನು ಕೈಯಿಂದ ಜಾರಿತು.

"ಇಲ್ಲಿ ಕೊಡವಿದ್ರೆ ಈಗ ಹೋಗಲ್ಲ. ಹೊಸ್ತಿಲು ದಾಟಿಬಿಡ್ತು. ಯಾರಾದ್ರೂ ಆ ಅಂಡೆ ಹಿಡೀಬೇಕು. ಹಿಡಿದೋರೇ ಇನ್ನು ಅದರ ಮನೆ. ಸಾಯೋ ತನಕ."

ಬೆನಿಲ್ದಾ ಮಗುವನ್ನು ಹೊತ್ತು ಮತ್ತೆ ಓಡಿದಳು. ಸಾವಿನ ಮನೆ. ಹಾರಿದ ಇಸ್ಪೀಟೆಲೆ. ಗೋಡೆಗೆ ಸರಿದ ಜನ. ಮಂಡಿಯೂರಿದಳು. ಪೆಟ್ಟಿಗೆಯ ಕೆಳಗೆ ಕೈ ಚಾಚಿದಳು. ಅಂಡೆ ಬೆಚ್ಚಗಿತ್ತು.

"ಬನ್ನಿ ಲೋಲಾ. ಮಗೂನ ಬಿಡಿ. ನನ್ನ ಹತ್ರ ಬನ್ನಿ."

ಲಿರಾ ಬಾಗಿದಳು. ಕಕ್ಕಿದಳು. ಕರಿದುಂಬಿಗಳು ನೆಲಕ್ಕೆ ಬಿದ್ದವು, ಹೊರಳಿ ಎದ್ದವು. ಸಾಲುಗಟ್ಟಿದವು. ಸಂಜೆ ಗೂಡಿಗೆ ಮರಳುವ ಕೋಳಿಗಳ ಹಾಗೆ ಒಂದೊಂದಾಗಿ ಅಂಡೆಯೊಳಗೆ ನಡೆದವು.

ಮಗು ಉಳಿಯಿತು.

ಈಗ ಬೆನಿಲ್ದಾಳ ಕೈಯನ್ನು ಯಾವ ಬಸುರಿಯೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಲಿರಾ ಪಾಸಿಂಗ್‌ಳ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಭಾನುವಾರ ಪೂಜೆ ಮುಗಿಸಿ ತಾಯಿಯನ್ನು ನೋಡಲು ಬರುತ್ತಾಳೆ. ಹೊಸ್ತಿಲ ಹೊರಗೇ ಕೂತು ಶಾಲೆಯ ಸುದ್ದಿ ಹೇಳುತ್ತಾಳೆ. ಅವಳ ದನಿ ಕೇಳಿದೊಡನೆ ತಾಯಿಯ ಮಡಿಲಲ್ಲಿ ಅಂಡೆ ಗುಂಯ್‌ಗುಡುತ್ತದೆ.

ಹೊರಡುವಾಗ ಬೆನಿಲ್ದಾ ತಪ್ಪದೆ ಹೇಳುತ್ತಾಳೆ: "ನೇರ ಮನೆಗೆ ಹೋಗ್ಬೇಡ ಮಗಳೇ."

"ಗೊತ್ತಮ್ಮಾ. ಬನ್ನು ತಿಂದೇ ಹೋಗ್ತೀನಿ."

ಮಗಳು ತಿರುವು ದಾಟುವ ತನಕ, ಅಂಡೆಯ ಬಾಯಿಗೆ ಅಂಗೈ ಒತ್ತಿ ಹಿಡಿದು, ಬೆನಿಲ್ದಾ ಬಾಗಿಲಲ್ಲೇ ನಿಂತಿರುತ್ತಾಳೆ.